ತೂತಿಲ್ಲದ ಗುಂಡಿ

“ಸಾರ್, ನಮ್ಮಪ್ಪನಿಗೆ ಕೊಬ್ಬು ಜಾಸ್ತಿ ಆಗಿದೆ. ಸುಳ್ಳಲ್ಲ, ರಿಪೋರ್ಟಲ್ಲೇ ಬರೆದಿದ್ದಾರೆ.”

ಪ್ಯಾಂಟಿಗೆ ಅಳತೆ ಕೊಡುತ್ತಾ ನಿಂತಿದ್ದ ಡ್ರಿಲ್ ಮೇಷ್ಟ್ರು ಚೂಟಿಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಲರ್ ಅಪ್ಪನ ಕೈಯಿಂದ ಟೇಪು ಜಾರಿತು.

“ಯಾರಿಗೆ, ಇವರಿಗಾ? ಉಫ್ ಅಂದ್ರೆ ಹಾರಿಹೋಗ್ತಾರಲ್ಲಮ್ಮ” ಅಂದರು ಮೇಷ್ಟ್ರು.

ಚೂಟಿ ಬೀಗಿದಳು. ಮನೆಯಲ್ಲಿ ದಿನಾ ಅಮ್ಮನಿಂದ “ನಿನಗೆ ಕೊಬ್ಬು ಜಾಸ್ತಿ” ಅನ್ನಿಸಿಕೊಳ್ಳುವವಳು ಅವಳು. ಎದುರು ಮಾತಾಡಿದರೆ ಕೊಬ್ಬು, ಹೋಂವರ್ಕ್ ಬಿಟ್ಟರೆ ಕೊಬ್ಬು. ಈಗ ನೋಡಿದರೆ, ಯಾರಿಗೂ ಗಟ್ಟಿಯಾಗಿ ಒಂದು ಮಾತಾಡದ ಅಪ್ಪನಿಗೇ ಡಾಕ್ಟರು “ರಕ್ತದಲ್ಲಿ ಕೊಬ್ಬು ಜಾಸ್ತಿ, ಕೊಲೆಸ್ಟ್ರಾಲ್” ಅಂತ ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ?

ಅಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕ.

ವಾರದೊಳಗೆ ಮಾತು ಬೀದಿಯೆಲ್ಲ ಸುತ್ತಿತು. ಅಂಗಿ ತಡವಾದರೆ “ಟೈಲರಿಗೆ ಕೊಬ್ಬು.” ತೋಳು ಅರ್ಧ ಇಂಚು ಉದ್ದವಾದರೆ “ಕೊಬ್ಬಲ್ಲದೆ ಇನ್ನೇನು?” ಅಪ್ಪ ಎಲ್ಲದಕ್ಕೂ ನಗುತ್ತಲೇ ಇದ್ದ.

ಶನಿವಾರ ಮಧ್ಯಾಹ್ನ ಚೂಟಿಯ ಯೂನಿಫಾರ್ಮಿನ ಗುಂಡಿ ಕಿತ್ತುಬಂತು. ಅಪ್ಪ ಮಿಷನ್ ತುಳಿಯುವುದರಲ್ಲಿ ಮುಳುಗಿದ್ದ. ಅವಳೇ ಗುಂಡಿ ಡಬ್ಬಿ ತೆಗೆದು, ಬಿಳಿಯದೊಂದನ್ನು ಆರಿಸಿ, ಸೂಜಿಗೆ ದಾರ ಪೋಣಿಸಿದಳು. ಎಷ್ಟು ತಿರುಗಿಸಿದರೂ ಸೂಜಿ ತೂರಿಸಲು ಜಾಗ ಸಿಗಲಿಲ್ಲ.

“ಅಪ್ಪಾ, ಈ ಗುಂಡಿಗೆ ತೂತೇ ಇಲ್ಲ.”

ಮಿಷನ್ ನಿಂತಿತು.

ಡಬ್ಬಿ ಕೆದಕಿದರೆ ಅಂಥವು ಇನ್ನೂ ಎಂಟು. ಬೆಳಿಗ್ಗೆ ತಿಂಡಿಯಾದ ಮೇಲೆ ಅಮ್ಮ ಅಪ್ಪನ ಕೈಗೆ ಹಾಕುವ ಮಾತ್ರೆಗಳು. “ಅಂಗಡಿಗೆ ಹೋಗಿ ನುಂಗ್ತೀನಿ” ಅಂತ ಜೇಬಿಗಿಳಿಸಿ, ಇಲ್ಲಿ ತಂದು ಡಬ್ಬಿಗೆ ಹಾಕುತ್ತಿದ್ದ.

“ಅಮ್ಮನಿಗೆ ಹೇಳಬೇಡ ಕಣೇ” ಅಪ್ಪ ಮೆಲ್ಲಗೆ ಹೇಳಿದ. “ಕರಿದದ್ದು ತಿನ್ನೋದು ಬಿಟ್ಟಿದ್ದೀನಿ, ಸಾಕು. ಮನೇಲಿ ಮಾತ್ರೆ ಕೈಗೆ ಬಂದ್ರೇ ಬೀದಿಯವರ ಮಾತು ನೆನಪಾಗುತ್ತೆ. ಇಲ್ಲಿ ಬಾಯಿಗೆ ಹಾಕಿದ್ರೆ ಬಂದವರೆಲ್ಲ ‘ಕೊಬ್ಬು ಇಳಿಸ್ತಿದ್ದೀರಾ’ ಅಂತಾರೆ. ಎಷ್ಟು ಅಂತ ನಗಲಿ?”

ಚೂಟಿಯ ಮುಖ ಸಣ್ಣದಾಯಿತು. ಅಪ್ಪನಿಗೂ ಆ ತಮಾಷೆ ಇಷ್ಟ ಅಂತಲೇ ಅವಳು ಅಂದುಕೊಂಡಿದ್ದಳು.

ಮಾತ್ರೆಯೊಂದನ್ನು ಮುಷ್ಟಿಯಲ್ಲಿಟ್ಟುಕೊಂಡು ಎದುರಿನ ಔಷಧಿ ಅಂಗಡಿಗೆ ಓಡಿದಳು. ಅಲ್ಲಿನ ಅಕ್ಕ ಕನ್ನಡಕ ಇಳಿಸಿ ಮಾತ್ರೆ ನೋಡಿದಳು.

“ಅಪ್ಪ ಕರಿದದ್ದು ಬಿಟ್ರೆ ಸಾಕಲ್ವಾ ಅಕ್ಕ, ಈ ಮಾತ್ರೆ ಬೇಕಾ?”

“ಬಿಟ್ಟದ್ದು ಒಳ್ಳೇದೇ. ಆದ್ರೆ ಕೊಲೆಸ್ಟ್ರಾಲ್ ಬರೀ ತಿಂಡಿಯಿಂದ ಬರಲ್ಲ ಕಣೇ. ಅದನ್ನ ಹೆಚ್ಚಾಗಿ ಮಾಡೋದು ನಮ್ಮ ಲಿವರ್ರೇ. ಸ್ವಲ್ಪ ಮೈಗೆ ಬೇಕು ಕೂಡ. ನಿಮ್ಮಪ್ಪನ ಲಿವರ್ರು ಹತ್ತು ಅಂಗಿ ಕೇಳಿದ್ರೆ ಇಪ್ಪತ್ತು ಹೊಲಿಯೋ ಟೈಲರ್ ಥರ. ಉಳಿದದ್ದನ್ನ ವಾಪಸ್ ತಗೊಳ್ಳೋದೂ ಇಲ್ಲ.”

“ಉಳಿದದ್ದು ಏನಾಗುತ್ತೆ?”

“ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂರುತ್ತೆ. ನೋವಿಲ್ಲ, ಗೊತ್ತೇ ಆಗಲ್ಲ. ಒಂದಿನ ಹಾರ್ಟಿಗೆ ಹೋಗೋ ದಾರಿನೇ ಕಟ್ಟಿಕೊಳ್ಳಬಹುದು. ಈ ಮಾತ್ರೆ ಹೋಗಿ, ‘ಹೊಸದು ಕಡಿಮೆ ಮಾಡು, ಹೊರಗಿರೋದನ್ನ ಒಳಗೆ ತಗೋ’ ಅಂತ ಲಿವರಿಗೆ ಹೇಳುತ್ತೆ. ದಿನಾ ಹೇಳಬೇಕು. ಬಿಟ್ರೆ ಅದು ಮತ್ತೆ ಶುರು ಹಚ್ಚಿಕೊಳ್ಳುತ್ತೆ.” ಅಕ್ಕ ಸ್ವಲ್ಪ ತಡೆದು, “ಇದು ಮನೆತನದಲ್ಲೂ ಬರುತ್ತೆ. ನಿಮ್ಮ ತಾತನೂ ತೆಳ್ಳಗೇ ಇದ್ರು” ಅಂದಳು.

ತಾತನನ್ನು ಚೂಟಿ ಫೋಟೋದಲ್ಲಿ ಮಾತ್ರ ನೋಡಿದ್ದಳು. ಇದೇ ಮಿಷನ್ ಮುಂದೆ ಕೂತಿದ್ದಾಗ ಎದೆನೋವು ಬಂದಿತ್ತಂತೆ. ಅವಳಿಗೆ ತುಂಬಾ ಭಯವಾಯಿತು.

ವಾಪಸ್ ಬಂದರೆ, ಪ್ಯಾಂಟು ಒಯ್ಯಲು ಡ್ರಿಲ್ ಮೇಷ್ಟ್ರು ಬಂದಿದ್ದರು.

“ಏನಮ್ಮ, ಅಪ್ಪನ ಕೊಬ್ಬು ಎಷ್ಟು ಇಳೀತು?”

“ಸಾರ್, ಆ ತಮಾಷೆ ಶುರು ಮಾಡಿದ್ದು ನಾನು. ಇನ್ನು ಬೇಡ ಸಾರ್. ಅದರಿಂದಲೇ ಅಪ್ಪ ಒಂಬತ್ತು ದಿನ ಮಾತ್ರೆ ನುಂಗಿಲ್ಲ.”

ಮೇಷ್ಟ್ರು ಪ್ಯಾಂಟನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಅಂಗಿ ಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು.

“ನಾನು ಮೂರು ವರ್ಷದಿಂದ ನುಂಗ್ತಿದ್ದೀನಿ ಟೈಲರ್ರೇ. ಇದೇ ಮಾತ್ರೆ” ಎಂದರು.

ಅಪ್ಪ ಪಟ್ಟಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಈ ಸಲ ಅವನ ನಗು ಕಣ್ಣಿನವರೆಗೂ ಬಂತು. “ಬಿಟ್ಟ ದಿನಗಳ ವಿಷಯ ಡಾಕ್ಟರಿಗೆ ನಾನೇ ಹೇಳ್ತೀನಿ” ಎಂದು ಇವತ್ತಿನ ಮಾತ್ರೆಯನ್ನು ಜೇಬಿನಿಂದ ತೆಗೆದ. “ಚೂಟಿ, ನೀರು ಕೊಡು.”

ಒಂದು ಸೀಟಿ ಊದಿ ಇಡೀ ಸ್ಕೂಲನ್ನೇ ಓಡಿಸುವ ಮೇಷ್ಟ್ರಿಗೂ ಕೊಬ್ಬು. ಸೋಮವಾರ ಕ್ಲಾಸಲ್ಲಿ ಹೇಳಿದರೆ ಎಲ್ಲರೂ ಬೆಂಚಿನಿಂದ ಬೀಳುವುದು ಗ್ಯಾರಂಟಿ. ಮಾತು ಚೂಟಿಯ ನಾಲಗೆ ತುದಿಗೆ ಬಂದು ನಿಂತಿತು.

ಅವಳು ಅಪ್ಪನ ಕೈಗೆ ಲೋಟ ಕೊಟ್ಟಳು. ಅಪ್ಪ ಮಾತ್ರೆ ನುಂಗಿದ. ಚೂಟಿ ಮಾತು ನುಂಗಿದಳು.