ಕೆಲಸ ಸಿಕ್ಕವರು

ಕಲಿಸಿದ್ದು ತಾನು, ಪಾಸು ಮಾಡಿಸಿದ್ದು ತಾನು. ಕೆಲಸ ಕೊಡಿಸುವುದೂ ತನ್ನ ತಲೆಗೇ ಬಂತೆ? ಕಾನೂನು ಕಾಲೇಜಿನ ಪ್ರಿನ್ಸಿಪಾಲರಿಗೆ ಮೈಯೆಲ್ಲ ಉರಿದುಹೋಗಿತ್ತು. ‘ಪ್ರವೇಶ ಪರೀಕ್ಷೆಯಲ್ಲಿ ಸೊನ್ನೆ ಸುತ್ತಿದವರಿಗೂ ಸೀಟು ಕೊಡುತ್ತೀರಿ, ಓದಿದವರು ಬೀದಿ ಅಲೆಯುತ್ತಿದ್ದಾರೆ’ ಎಂದು ಮೇಲಿನವರ ತಕರಾರು. ಇಲ್ಲಿ ಓದಿದವರು ವಕೀಲಿ ಮಾಡುತ್ತಿರುವುದನ್ನು ತಪಾಸಣೆಯವರಿಗೆ ಕಣ್ಣಾರೆ ತೋರಿಸಬೇಕು, ಇಲ್ಲವಾದರೆ ಕಾಲೇಜಿಗೆ ಬೀಗ.

ಕಣ್ಣಾರೆ ತಾನೇ? ತೋರಿಸಿದರಾಯಿತು. ಇವರಪ್ಪನಂಥವರನ್ನು ನೋಡಿದ್ದೇನೆ, ಎಂದುಕೊಂಡರು.

ಹೆಂಡತಿಯ ತಮ್ಮನ ಚಪ್ಪಲಿ ಅಂಗಡಿ ವ್ಯಾಪಾರವಿಲ್ಲದೆ ಮುಚ್ಚಿತ್ತು. ಅದಕ್ಕೆ ಬಣ್ಣ ಹೊಡೆಸಿ, ಚಪ್ಪಲಿಯ ಹಲಗೆಗಳ ಮೇಲೆ ಕಾನೂನು ಪುಸ್ತಕ ಜೋಡಿಸಿ, ‘ವಕೀಲರ ಕಚೇರಿ’ ಎಂದು ಬೋರ್ಡು ಹಾಕಿಸಿದರು. ಕೆಲಸವಿಲ್ಲದ ಮೂವರು ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಕರಿಕೋಟು ತೊಡಿಸಿ ಕೂರಿಸಿದರು. ತಪಾಸಣೆ ಮುಗಿಯುವ ತನಕ ಸಂಬಳ. ಆಮೇಲೆ ಅವರವರ ದಾರಿ ಅವರವರಿಗೆ.

“ಭಾವ, ಯಾರಾದ್ರೂ ಬಾಯಿ ಬಿಟ್ರೆ?” ಎಂದ ಬಾಮೈದ.

“ಹಸಿದೋರು ಬಾಯಿ ಬಿಡೋದು ಊಟಕ್ಕೆ ಕಣಯ್ಯ, ಸತ್ಯಕ್ಕಲ್ಲ.”

ಹೊಸ ಕಡತಗಳು ಅನುಮಾನ ಹುಟ್ಟಿಸುತ್ತವೆಂದು ಅವಕ್ಕೆ ಧೂಳು ಮೆತ್ತಿದರು. ಕೋಟುಗಳ ಮೊಣಕೈಯನ್ನು ತಾವೇ ಕಲ್ಲಿಗೆ ಉಜ್ಜಿ ಸವೆಸಿದರು. ಬಾಮೈದನನ್ನು ಆಸ್ತಿ ಕಳೆದುಕೊಂಡ ಕಕ್ಷಿದಾರನಂತೆ ಮೂಲೆಯಲ್ಲಿ ಕೂರಿಸಿದರು. ಅವನ ಜೋಲುಮುಖ ಹುಟ್ಟಿನಿಂದಲೇ ಬಂದದ್ದು, ಹೇಳಿಕೊಡಬೇಕಾಗಲಿಲ್ಲ.

ತಪಾಸಣೆಯ ಅಧಿಕಾರಿ ಬಂದ. ಕಡತ ಮುಟ್ಟಿದ, ಧೂಳು ಒರೆಸಿಕೊಂಡ, ತಲೆದೂಗಿದ. ಪ್ರಿನ್ಸಿಪಾಲರ ಎದೆ ಉಬ್ಬಿತು. ಬನ್ನಿ, ಈಗ ಹಾಕಿ ನೋಡೋಣ ಬೀಗ!

“ಕೈತುಂಬ ಕೆಲಸ ಇದೆಯೇನಮ್ಮ?” ಎಂದು ಅಧಿಕಾರಿ ಮೂವರಲ್ಲಿ ಹಿರಿಯಳನ್ನು, ದರ್ಜಿಯೊಬ್ಬನ ಮಗಳನ್ನು, ಕೇಳಿದ.

“ಇದೆ ಸರ್. ನಾಳೆ ಒಂದು ದೊಡ್ಡ ಕೇಸು ಹಾಕ್ತಿದೀವಿ.”

ಹೇಳಿಕೊಡದ ಸುಳ್ಳು! ಭಲೇ ಹುಡುಗಿ, ಎಂದುಕೊಂಡರು ಪ್ರಿನ್ಸಿಪಾಲರು.

“ಯಾರ ಮೇಲೆ?”

“ನಮ್ಮ ಕಾಲೇಜಿನ ಮೇಲೆ. ಓದಿ ಮೋಸ ಹೋದೋರೆಲ್ಲರ ಪರವಾಗಿ. ಇಷ್ಟು ದಿನ ಒಟ್ಟಿಗೆ ಕೂತು ಮಾತಾಡೋಕೆ ನಮಗೊಂದು ಜಾಗ ಇರಲಿಲ್ಲ ಸರ್. ಪ್ರಿನ್ಸಿಪಾಲರೇ ಮಾಡಿಕೊಟ್ರು.”

ಮೂಲೆಯಲ್ಲಿದ್ದ ಬಾಮೈದ ಮೆಲ್ಲಗೆ ಎದ್ದು ಹೊರಗೆ ನಡೆದ. ಪ್ರಿನ್ಸಿಪಾಲರು ಮಾತ್ರ ತಲೆ ತಗ್ಗಿಸಲಿಲ್ಲ. ತಪ್ಪಿದ್ದೆಲ್ಲಿ ಎಂದು ಲೆಕ್ಕ ಹಾಕುತ್ತ ನಿಂತರು. ಬೋರ್ಡು ಸರಿಯಿತ್ತು, ಧೂಳು ಸರಿಯಿತ್ತು, ಕಕ್ಷಿದಾರನೂ ಸರಿಯಿದ್ದ. ಎಲ್ಲವನ್ನೂ ನಿಜದಂತೆ ಕಾಣಿಸುವ ಭರದಲ್ಲಿ ಅವರಿಗೆ ಒಂದೇ ಒಂದು ಸಂಗತಿ ಹೊಳೆದಿರಲಿಲ್ಲ: ಆ ಮೂವರು ನಿಜವಾಗಿಯೂ ವಕೀಲರು.