ನಂಬರ್ ಮುಗಿದರೆ ರಕ್ತ ಇಲ್ಲ!

"ಕೀಬೋರ್ಡ್ ಮುಟ್ಟಿದ್ರೆ ಬೆರಳು ಮುರೀತೀನಿ!"

ಆಪರೇಟರ್ ಪ್ರೆಬೆನ್ ನನ್ನ ಕಾಲರ್ ಹಿಡಿದು ಮೆಷಿನ್‌ಗೆ ಒತ್ತಿದ. ಉಸಿರು ಕಟ್ಟಿತು. ಆದರೂ ನಕ್ಕೆ.

ನನ್ನ ಹೆಸರು ಥೈರಾ. ಕೆಟ್ಟು ಕೂತ ಮೇನ್‌ಫ್ರೇಮ್ ಎಂಬ ದೈತ್ಯ ಕಂಪ್ಯೂಟರ್‌ಗಳನ್ನು ದಾರಿಗೆ ತರುವುದೇ ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಕಾಲರ್ ಹಿಡಿಸಿಕೊಳ್ಳುವುದು ಮಾಮೂಲು!

ವಿಷಯ ಇಷ್ಟೇ. ಮೇನ್‌ಫ್ರೇಮ್ ಒಳಗೆ ಯಾವ ಕೆಲಸ ಶುರುವಾಗಬೇಕಾದರೂ ಅದಕ್ಕೊಂದು ನಂಬರ್ ಬೇಕು. ಕೆಲಸ ಮುಗಿದರೆ ನಂಬರ್ ವಾಪಸ್. ಆದರೆ ಕೆಲವು ಪ್ರೋಗ್ರಾಂಗಳು ಉಳಿದೆಲ್ಲ ಕೆಲಸಗಳ ಮನೆಯೊಳಗೂ ಕೈಯಾಡಿಸುತ್ತವೆ. ಅವನ್ನು ನಿಲ್ಲಿಸಿದಿರೋ, ಆ ನಂಬರ್ ಸತ್ತಂತೆಯೇ! ಇಡೀ ಮೆಷಿನ್ ಆರಿಸಿ ಮತ್ತೆ ಹಚ್ಚುವ ತನಕ ಯಾರಿಗೂ ಸಿಗುವುದಿಲ್ಲ.

ಆರಿಸಿ ಹಚ್ಚಿದರಾಯಿತು ಅಂತೀರಾ?

ಆರಿಸಿದರೆ ಓರ್ಹುಸ್ ಊರಿನ ರಕ್ತನಿಧಿಯೂ ಕಣ್ಣು ಮುಚ್ಚುತ್ತದೆ. ಅಲ್ಲಿ ಆಸ್ಪತ್ರೆಯಲ್ಲಿ ವಿಗ್ಗಾ ಎಂಬ ಪುಟ್ಟ ಹುಡುಗಿಗೆ ಹೊಸ ಲಿವರ್ ಹಾಕುತ್ತಿದ್ದರು. ಅವಳಿಗೆ ಹೋಗುವ ಒಂದೊಂದು ಚೀಲ ರಕ್ತವೂ ಈ ಮೆಷಿನ್‌ನಲ್ಲಿ ತಾಳೆಯಾಗಿಯೇ ಹೊರಡಬೇಕು. ನಂಬರ್ ಇಲ್ಲದಿದ್ದರೆ ತಾಳೆ ಇಲ್ಲ. ತಾಳೆ ಇಲ್ಲದಿದ್ದರೆ ರಕ್ತ ಇಲ್ಲ!

ಬೆಳಗಿನಿಂದ ನಂಬರ್‌ಗಳು ಒಂದೊಂದೇ ಸಾಯುತ್ತಿದ್ದವು. "ಎಲ್ಲ ಆ ಆಪರೇಟರ್ ಪ್ರೆಬೆನ್ ಕೆಲಸ. ಅವನನ್ನ ಮನೆಗೆ ಕಳಿಸ್ತಿದೀವಿ, ಆ ಸಿಟ್ಟು" ಎಂದು ಡೈರೆಕ್ಟರ್ ಲೋನೆ ನನ್ನ ಕಿವಿ ಊದಿದ್ದಳು.

"ಸುಮ್ನೆ ಒಪ್ಕೋ, ಪ್ರೆಬೆನ್..." ಎಂದೆ.

"ಏನನ್ನ ಒಪ್ಕೊಳ್ಳೋದು? ಲೋನೆಯ ಚೇಲಾ ನೀನು! ನಂಬರ್ ತಿನ್ನೋಕೆ ಬಂದಿರೋಳೇ ನೀನು!"

ಟಣ್!

ಪರದೆಯ ಮೇಲೆ ಉಳಿದ ನಂಬರ್‌ಗಳ ಲೆಕ್ಕ ಎಂಟು ಇದ್ದದ್ದು ಏಳಾಯಿತು.

ಅವನ ಎರಡೂ ಕೈ ನನ್ನ ಕಾಲರ್ ಮೇಲೆ. ನನ್ನ ಎರಡೂ ಕೈ ಅವನ ಮಣಿಕಟ್ಟಿನ ಮೇಲೆ...

"ಥತ್! ನೀನಲ್ಲ!" ಎಂದೆವು ಇಬ್ಬರೂ, ಒಟ್ಟಿಗೆ.

ಕಾಲರ್ ಬಿಟ್ಟ. ಪರದೆಗೆ ಮುಗಿಬಿದ್ದೆ. ಮೆಷಿನ್‌ನ ನಾಡಿ ನೋಡಿ, ಸರಿಯಿದ್ದರೆ ಹಸಿರು ದೀಪ, ಎಡವಟ್ಟಾದರೆ ಹಳದಿ ತೋರಿಸುವ ಪ್ರೋಗ್ರಾಂ ಒಂದಿದೆ; ಅದೂ ಎಲ್ಲದರೊಳಗೆ ಕೈಯಾಡಿಸುವ ಜಾತಿಯದೇ. ಅದನ್ನು ಯಾರೋ ನಿಲ್ಲಿಸಿ ಮತ್ತೆ ಶುರು ಮಾಡಿದ್ದರು. ಆರ್ಡರ್ ಬಂದದ್ದು ಮೋಗೆನ್ಸ್ ಎಂಬವನ ಫೋನ್‌ನಿಂದ.

"ಎಲ್ಲಿದಾನೆ ಇವನು?"

"ಊಟದ ಹೊತ್ತು... ಮೇಲೆ, ಕ್ಯಾಂಟೀನ್!"

ಓಡಿದೆ! ಮೆಟ್ಟಿಲ ತಿರುವಿನಲ್ಲಿ ಗಾರ್ಡ್ ಅಡ್ಡ ನಿಂತ.

"ಪಾಸ್ ತೋರ್ಸು!"

ಮೊಣಕೈ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ಕೂತ.

ಮೋಗೆನ್ಸ್‌ನ ಒಂದು ಕೈಯಲ್ಲಿ ರೈ ಬ್ರೆಡ್, ಅದರ ಮೇಲೆ ಉಪ್ಪಿನ ಮೀನು. ಇನ್ನೊಂದು ಕೈಯಲ್ಲಿ ಫೋನ್. ಫೋನಿನ ಕೈ ತಿರುಚಿದೆ.

"ಬೊಗಳು! ಯಾರಿಗೋಸ್ಕರ ಮಾಡ್ತಿದೀಯ?"

"ಅಯ್ಯೋ, ಬಿಡೇ! ದೀಪ ಹಳದಿ ಆಗೋದ್ರಲ್ಲಿತ್ತು... ನನ್ನ ಪಾಳಿ ಬೇರೆ... ಹಳದಿ ಆದ್ರೆ ಶುಕ್ರವಾರ ಎಲ್ರಿಗೂ ನಾನೇ ಕೇಕ್ ತರ್ಬೇಕು!"

"ಕೇಕಾ?"

"ನೀನೇನು ಈ ದೇಶದೋಳಲ್ವಾ? ಎಡವಟ್ಟು ಮಾಡ್ದೋರು ಕೇಕ್ ತರ್ಬೇಕು! ಪ್ರೋಗ್ರಾಂ ಒಂದ್ಸಲ ನಿಲ್ಲಿಸಿ ಶುರು ಮಾಡಿದ್ರೆ ದೀಪ ಮತ್ತೆ ಹಸಿರು. ಎಲ್ರೂ ಹಾಗೇ ಮಾಡೋದು..."

"ಎಲ್ರೂ?"

ಸುತ್ತ ನೋಡಿದೆ. ಪ್ರತಿ ಮೇಜಿನಲ್ಲೂ ಒಬ್ಬೊಬ್ಬರು ತಟ್ಟೆಗೆ ಮುಖ ಹಾಕಿದರು. ದ್ರೋಹಿಯೂ ಇಲ್ಲ, ಸಂಚೂ ಇಲ್ಲ... ಕೇಕಿನ ಹಿಟ್ಟು ಕಲಸಲಾರದ ಸೋಮಾರಿತನಕ್ಕೆ ಒಂದು ಮಗುವಿನ ಜೀವ! ನನಗೆ ಮೈಯೆಲ್ಲ ಉರಿದುಹೋಯಿತು.

"ಫೋನ್ ಎಲ್ಲ ಮೇಜಿನ ಮೇಲೆ! ಈಗಲೇ!"

ಆಗಲೇ ನನ್ನ ಫೋನ್ ಬಡಿದುಕೊಂಡಿತು. ಪ್ರೆಬೆನ್.

"ಓಡಿ ಬಾ! ನೀನು ಮೇಲೆ ಹತ್ತೋ ಅಷ್ಟ್ರಲ್ಲಿ ಉಳಿದೋರೂ ಒತ್ತಿದಾರೆ! ಒಂದು ನಂಬರೂ ಉಳಿದಿಲ್ಲ!"

ಕೆಳಗೆ ಧುಮುಕಿದೆ. ಸ್ಪೀಕರ್‌ನಲ್ಲಿ ರಕ್ತನಿಧಿಯ ನರ್ಸ್ ಸಿಸೆಲ್ ಕೂಗಾಡುತ್ತಿದ್ದಳು.

"ಹುಡುಗಿಗೆ ರಕ್ತ ನಿಲ್ತಿಲ್ಲ! ಚೀಲ ಬೇಕು! ನಿಮ್ಮ ಮೆಷಿನ್ ಉತ್ರಾನೇ ಕೊಡ್ತಿಲ್ಲ!"

ಸುಳ್ಳೇಕೆ, ಹೆದರಿದ್ದೆ.

"ಪ್ರೆಬೆನ್, ಮನುಷ್ಯರು ಲಾಗಿನ್ ಆದ್ರೂ ನಂಬರ್ ಹಿಡೀತಾರೆ. ಹೊರಗೆ ಹಾಕಿದ್ರೆ ಅದು ಜೀವಂತ ವಾಪಸ್ ಬರತ್ತೆ. ಒಳಗೆ ಯಾರಿದಾರೆ?"

"ಉಳಿದೋರನ್ನೆಲ್ಲ ಬೆಳಿಗ್ಗೇನೇ ತೆಗೆದೆ. ಇರೋದು ಲೋನೆ ಒಬ್ಳೇ. ಸರ್ಕಾರದ ಅತಿಥಿಗಳಿಗೆ ಹಸಿರು ದೀಪ ತೋರಿಸ್ತಿದಾಳೆ."

ಫೋನ್ ಹಚ್ಚಿದೆ. "ಲೋನೆ, ಲಾಗಾಫ್ ಮಾಡು! ಹುಡುಗಿ ಸಾಯ್ತಿದಾಳೆ!"

"ಮೀಟಿಂಗ್‌ನಲ್ಲಿದೀನಿ. ಕಾಫಿ ಆದ್ಮೇಲೆ ಮಾತಾಡೋಣ."

ಕಟ್!

ಪ್ರೆಬೆನ್ ಕೀಬೋರ್ಡ್ ಮೇಲೆ ಕೈ ಇಟ್ಟ. ಹಿಂದೆಗೆದ.

"ಡೈರೆಕ್ಟರ್ ಕಣೇ... ನನ್ನ ಪೆನ್ಶನ್..."

"ಜರುಗು!"

ಲೋನೆಯ ಹೆಸರು ಹೊಡೆದೆ. ಕ್ಯಾನ್ಸಲ್. ಎಂಟರ್!

ಪರದೆ ಮಿಟುಕಿತು. ಸೊನ್ನೆ... ಒಂದು... ತಕ್ಷಣ ಮತ್ತೆ ಸೊನ್ನೆ.

"ತಾಳೆ ಆಯ್ತು!" ಸಿಸೆಲ್‌ಗೆ ಅಳು ಬಂದಿತ್ತು. "ಚೀಲ ಹೊರಟಿತು! ಇನ್ನೊಂದೂ ಹೊರಟಿತು! ಹಾಗೇ ಇಟ್ಕೊಳ್ಳಿ, ಆ ನಂಬರ್ ಬಿಡ್ಬೇಡಿ!"

ಬಿಡಲಿಲ್ಲ. ಒಂದೇ ನಂಬರ್‌ನಲ್ಲಿ ಚೀಲದ ಹಿಂದೆ ಚೀಲ ಹೋಯಿತು. ಪ್ರೆಬೆನ್ ನನ್ನ ಭುಜ ಹಿಂಡುತ್ತಿದ್ದ. ನೋಯುತ್ತಿತ್ತು. ಕೊನೆಗೆ ಸಿಸೆಲ್ ದನಿ ಇಳಿಯಿತು.

"ರಕ್ತ ನಿಂತಿದೆ... ಉಳೀತಾಳೆ ಅಂತಿದಾರೆ. ಆದ್ರೂ ಇನ್ನೆರಡು ಚೀಲ ರೆಡಿ ಇರ್ಲಿ."

ದಡ್! ಬಾಗಿಲು ತೆರೆಯಿತು. ಲೋನೆ! ಮುಖ ಕೆಂಡ.

"ಅಷ್ಟು ಜನದ ಮುಂದೆ ನನ್ನ ಪರದೆ ಕಪ್ಪಾಯ್ತು! ಯಾರು ನನ್ನನ್ನ ಹೊರಗೆ ಹಾಕಿದ್ದು?"

"ನಾನು."

"ನನ್ನ ಜಾಗ ನನಗೆ ವಾಪಸ್ ಕೊಡು!"

"ಖಾಲಿ ಇಲ್ಲ, ಲೋನೆ. ಅಲ್ಲೀಗ ಕೆಲಸಕ್ಕೆ ಬರೋರು ಕೂತಿದಾರೆ."