ಪಕ್ಕದ ಗುರಿಹಾಳೆ

ಮಾವಳ್ಳಿಯಲ್ಲಿ ಧೃತಿಯ ಅಜ್ಜಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟ ದಿನ ಮನೆಯೆಲ್ಲ ಒಂದು ವಾಸನೆ ತುಂಬಿಕೊಳ್ಳುತ್ತಿತ್ತು. ಚಾಮರಾಜಪೇಟೆಯ ನೆಲಮಾಳಿಗೆಯ ಶೂಟಿಂಗ್ ಕ್ಲಬ್ಬಿನಲ್ಲಿ ನಾಗಭೂಷಣ್ ಪಿಸ್ತೂಲು ಒರೆಸುವಾಗಲೂ ಅದೇ ವಾಸನೆ. ಧೃತಿಯ ಮನಸ್ಸು ಅವನ ಕಡೆ ವಾಲಿದ್ದು ಬಹುಶಃ ಆ ವಾಸನೆಯ ದಾರಿಯಲ್ಲೇ.

ಅವನು ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ಗಾಯಗೊಂಡು ಹೊರಬಂದವನು. ಸೈನಿಕರು ಪಿಸ್ತೂಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಮಾಡುವ ಡ್ರಿಲ್ಲನ್ನು ಕ್ಲಬ್ಬಿನ ಏರ್ ಪಿಸ್ತೂಲಿಗೆ ಹೊಂದಿಸಿದ್ದ. ನಿಂತು ಹೊಡೆಯಬೇಕು, ಮಂಡಿಯೂರಿ ಹೊಡೆಯಬೇಕು, ಆಮೇಲೆ ಎಡಗೈಯಲ್ಲಿ. ಎಲ್ಲವೂ ಗಡಿಯಾರ ಓಡುತ್ತಿರುವಾಗಲೇ. ಅದನ್ನು ಮೊದಲಿನಿಂದ ಮಾಡಿ ನೋಡಿ, ತಪ್ಪು ಸರಿ ಹೇಳಿದವಳು ಅಲ್ಲೇ ಅಭ್ಯಾಸ ಮಾಡುತ್ತಿದ್ದ ಧೃತಿ.

"ಮಂಡಿಯೂರೋಕೆ ಕೊಟ್ಟಿರೋ ಟೈಮ್ ಸಾಲಲ್ಲ ಕ್ಯಾಪ್ಟನ್."

"ಸೀರೆ ಉಟ್ಕೊಂಡು ಬಂದ್ರೆ ಹೇಗೆ ಸಾಲತ್ತೆ ಮೇಡಂ?"

"ಯಾಕೆ, ನಿಮ್ಮ ಸೈನ್ಯಕ್ಕೆ ಮದುವೆಮನೆಯಿಂದ ನೇರ ಯಾರೂ ಬರಲ್ವಾ?"

ಅವನು ನಗುತ್ತಿದ್ದ. ನಗುವಾಗ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ ಅವಳನ್ನೇ ನೋಡುತ್ತಿದ್ದ. ಆ ನೋಟ ಸಿಕ್ಕ ದಿನ ಧೃತಿ ಬಸವನಗುಡಿಯ ಮನೆಯವರೆಗೂ ಬಸ್ಸು ಹತ್ತದೆ ನಡೆದೇ ಹೋಗುತ್ತಿದ್ದಳು.

ಕ್ಲಬ್ಬಿನ ಕಾರ್ಯದರ್ಶಿ ಚಂದ್ರಶೇಖರಯ್ಯ ಡ್ರಿಲ್ಲನ್ನು ಪರೀಕ್ಷಿಸುವ ದಿನ ಬಂತು. ಒಪ್ಪಿಗೆಯಾದರೆ ಅದನ್ನು ಕಲಿಸುವ ಕೆಲಸ ಇಬ್ಬರಿಗೂ. ಅಕ್ಕಪಕ್ಕ ನಿಂತು ಒಬ್ಬೊಬ್ಬರೂ ಹತ್ತು ಗುಂಡು ಹೊಡೆಯಬೇಕು. ಎಣಿಕೆ ತಪ್ಪಿ ಹತ್ತಕ್ಕಿಂತ ಹೆಚ್ಚು ಹೊಡೆದವರಿಗೆ ಆ ಕೆಲಸವಿಲ್ಲ. ಬೆಂಚಿನ ಮೇಲೆ ಧೃತಿ ತಂದಿಟ್ಟಿದ್ದ ಡಬ್ಬಿಯಲ್ಲಿ ಅವರೆಕಾಳಿನ ಉಪ್ಪಿಟ್ಟು ಇಬ್ಬರಿಗಾಗುವಷ್ಟಿತ್ತು. ಮನಸ್ಸಿನಲ್ಲಿದ್ದದ್ದನ್ನು ಅವನಿಗೆ ಊಟದ ಹೊತ್ತಿಗೆ ಹೇಳಿಬಿಡಬೇಕೆಂದು ಅವಳು ನಿಶ್ಚಯಿಸಿದ್ದಳು.

ಹೊಡೆದು ಮುಗಿದ ಮೇಲೆ ಚಂದ್ರಶೇಖರಯ್ಯ ಗುರಿಹಾಳೆಗಳನ್ನು ಬೆಳಕಿಗೆ ಹಿಡಿದರು.

"ನಿಮ್ಮದ್ರಲ್ಲಿ ಹನ್ನೊಂದು ತೂತಿದೆಯಲ್ಲಮ್ಮ. ಇವರದ್ರಲ್ಲಿ ಒಂಬತ್ತು. ಕ್ಯಾಪ್ಟನ್, ನಿಮ್ಮದೇನಾದ್ರೂ ಪಕ್ಕದ ಹಾಳೆಗೆ ಬಿತ್ತಾ?"

ತಾನು ಹೊಡೆದದ್ದು ಹತ್ತೇ ಎಂದು ಧೃತಿಗೆ ಗೊತ್ತಿತ್ತು. ಅವನು ಹೇಳಲಿ ಎಂದು ಕಾದಳು.

"ಇಲ್ಲ ಸರ್. ನಂದೊಂದು ಹಾಳೆಯಿಂದಾಚೆ ಹೋಯ್ತು. ಮೇಡಂಗೆ ಯಾವಾಗ್ಲೂ ಅವಸರ. ಎಷ್ಟು ಹೊಡೆದ್ರು ಅಂತ ಅವರಿಗೇ ನೆನಪಿರಲ್ಲ."

ಹಿಂದೆ ಯಾರೋ ನಕ್ಕರು.

"ಹೌದೇನಮ್ಮ?"

ನಿಜ ಹೇಳಿದರೆ ಅವನ ಕೆಲಸ ಹೋಗುತ್ತದೆ; ಪಕ್ಕದವರ ಗುರಿಗೆ ಹೊಡೆದವನ ಕೈಗೆ ಕಲಿಯುವವರನ್ನು ಯಾರು ಒಪ್ಪಿಸುತ್ತಾರೆ?

"ಹೌದು ಸರ್," ಎಂದಳು.

"ಹಾಗಾದ್ರೆ ನೀವೊಬ್ಬರೇ ಕಲಿಸಿ ಕ್ಯಾಪ್ಟನ್. ಡ್ರಿಲ್ ಚೆನ್ನಾಗಿದೆ."

ಅವಳು ಡಬ್ಬಿ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಅವನು ಹಿಂದಿನಿಂದ ಬಂದು ನಿಂತ.

"ಗಾಯ ಆದ್ಮೇಲೆ ಎಲ್ಲಾ ಎರಡೆರಡು ಕಾಣತ್ತೆ ಧೃತಿ. ತಲೆ ವಾಲಿಸಿದ್ರೆ ಒಂದಾಗತ್ತೆ. ಈ ಕೆಲಸಾನೂ ಹೋದ್ರೆ ನಂಗೆ ಏನಿದೆ ಹೇಳಿ."

"ನಗುವಾಗ ವಾಲಿಸ್ತಿದ್ರಲ್ಲ. ಅದೂ ಅದಕ್ಕೇನಾ?"

"ಹೂಂ."

"ನಾನು ಬೇರೇನೋ ಅಂದ್ಕೊಂಡಿದ್ದೆ."

"ಗೊತ್ತಿತ್ತು. ಅದಕ್ಕೇ ನೀವು ನನ್ನ ಬಿಟ್ಕೊಡಲ್ಲ ಅನ್ನೋ ಧೈರ್ಯ." ಒಂದು ಹೆಜ್ಜೆ ಹತ್ತಿರ ಬಂದು ಹೇಳಿದ, "ನಂಗೂ ನಿಮ್ಮನ್ನ ಕಂಡ್ರೆ ಇಷ್ಟ."

ಎಷ್ಟು ದಿನ ಕಾದಿದ್ದ ಮಾತು ಅದು. ಈಗ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

"ನಾಳೆ ನಿಮ್ಮ ಪಕ್ಕ ಬೇರೆ ಯಾರೋ ನಿಂತಿರ್ತಾರೆ. ಒಳಗೆ ಹೋಗಿ ಕಣ್ಣಿನ ವಿಷಯ ಹೇಳಿಬಿಡಿ. ನೀವು ಹೇಳ್ಲಿಲ್ಲ ಅಂದ್ರೆ ಬೆಳಿಗ್ಗೆ ನಾನೇ ಬಂದು ಹೇಳ್ತೀನಿ."

"ಆಮೇಲೆ?"

"ಆಮೇಲೆ ನಾನು ಈ ಕಡೆ ಬರಲ್ಲ."

ಅವನ ಮುಖ ಬಾಡಿತು. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂಬುದು ಒಣಗಿದ ತುಟಿಯಲ್ಲೇ ಕಾಣುತ್ತಿತ್ತು. ಧೃತಿ ಡಬ್ಬಿಯನ್ನು ಮುಂದೆ ಚಾಚಿದಳು. ಅವನು ಕೈ ನೀಡಿದ. ಬೆರಳುಗಳು ಡಬ್ಬಿಯ ಪಕ್ಕದಲ್ಲಿ, ಬರೀ ಗಾಳಿಯ ಮೇಲೆ ಮುಚ್ಚಿಕೊಂಡವು.

ಅವಳು ಅವನ ಮಣಿಕಟ್ಟು ಹಿಡಿದು ಡಬ್ಬಿಯನ್ನು ಅಂಗೈಗೆ ಇಟ್ಟಳು. ಬೆರಳುಗಳು ಗಟ್ಟಿಯಾಗಿ ಹಿಡಿಯುವವರೆಗೆ ಕಾದು, ತನ್ನ ಕೈ ತೆಗೆದುಕೊಂಡಳು.